ಮನೆಗಳ ಇಂಧನ ದಕ್ಷತಾ ಪ್ರಮಾಣಪತ್ರ

ಮಾರಾಟಕ್ಕೋ ಬಾಡಿಗೆಗೋ ಇಟ್ಟಿರುವ ಮನೆಯನ್ನು ಬೆಚ್ಚಗಿಡಲು, ನೀರು ಕಾಯಿಸಲು, ದೀಪ ಉರಿಸಲು ವರ್ಷಕ್ಕೆ ಎಷ್ಟು ಇಂಧನ ಬೇಕಾದೀತೆಂದು ಲೆಕ್ಕ ಹಾಕಿ, ಆ ಮನೆಗೊಂದು ದರ್ಜೆ ಕೊಡುವ ದಾಖಲೆ. ಯುರೋಪಿನ ಬಹುಪಾಲು ದೇಶಗಳಲ್ಲಿ ಇದಿಲ್ಲದೆ ಮನೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಬ್ರಿಟನ್ನಿನಲ್ಲಿ ಇದು ಇಪಿಸಿ, ಐರ್ಲೆಂಡಿನಲ್ಲಿ ಬಿಇಆರ್, ಫ್ರಾನ್ಸಿನಲ್ಲಿ ಡಿಪಿಇ, ಜರ್ಮನಿಯಲ್ಲಿ ಎನೆರ್ಗೀಆಉಸ್‌ವೈಸ್. ಹೆಸರು ಯಾವುದಾದರೂ ಮೊದಲ ಪುಟದಲ್ಲಿ ಕಣ್ಣಿಗೆ ಬೀಳುವುದು ಬಣ್ಣದ ಪಟ್ಟಿಗಳ ಒಂದು ಏಣಿ. ಸಾಮಾನ್ಯವಾಗಿ ಮೇಲ್ಗಡೆ ಕಡು ಹಸಿರಿನ ‘ಎ’, ಕೆಳಗಡೆ ಕೆಂಪು ಬಣ್ಣದ ‘ಜಿ’. ಯುರೋಪಿನ ಅಂಗಡಿಗಳಲ್ಲಿ ಫ್ರಿಜ್, ವಾಷಿಂಗ್ ಮೆಷಿನ್‌ಗಳಿಗೆ ಅಂಟಿಸುತ್ತಿದ್ದ ಲೇಬಲ್ಲಿನಿಂದಲೇ ಎತ್ತಿಕೊಂಡ ವಿನ್ಯಾಸ ಇದು. ಫ್ರಿಜ್ಜನ್ನೇನೋ ಪ್ರಯೋಗಾಲಯದಲ್ಲಿಟ್ಟು ಎಷ್ಟು ಕರೆಂಟ್ ಎಳೆಯುತ್ತದೆಂದು ಅಳೆಯಬಹುದು. ನೂರು ವರ್ಷದ ಇಟ್ಟಿಗೆ ಮನೆಯನ್ನು ಹಾಗೆ ಅಳೆಯಲಾಗದು. ಅದನ್ನು ನೋಡಿ ಊಹಿಸಬೇಕು. ಈ ಪತ್ರದ ಸುತ್ತ ಎದ್ದಿರುವ ತಕರಾರುಗಳಲ್ಲಿ ಹೆಚ್ಚಿನವು ಶುರುವಾಗುವುದು ಅಲ್ಲಿಂದ.

ಇಂಥದ್ದೊಂದು ಪತ್ರ ಯಾಕೆ ಬೇಕಾಯಿತು ಎಂಬುದಕ್ಕೆ ಅರ್ಥಶಾಸ್ತ್ರ ಕೊಡುವ ಉತ್ತರ ಸರಳ. ಮನೆ ನೋಡಲು ಬಂದವರಿಗೆ ಗೋಡೆಯ ಬಣ್ಣ ಕಾಣುತ್ತದೆ, ಗೋಡೆಯೊಳಗೆ ಏನು ತುಂಬಿದೆ ಎಂಬುದು ಕಾಣುವುದಿಲ್ಲ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಪೇಟೆಯನ್ನು ಮುಂದಿಟ್ಟುಕೊಂಡು ವಿವರಿಸಿದ ಸಮಸ್ಯೆಯೇ ಇದು: ಒಳ್ಳೆಯ ಸರಕನ್ನು ಗುರುತಿಸುವ ದಾರಿ ಇಲ್ಲದಿದ್ದರೆ ಅದಕ್ಕೆ ಒಳ್ಳೆಯ ಬೆಲೆಯೂ ಸಿಗುವುದಿಲ್ಲ. ಬಾಡಿಗೆ ಮನೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ಗೋಡೆಗೆ, ಕಿಟಕಿಗೆ ದುಡ್ಡು ಹಾಕಬೇಕಾದವನು ಮಾಲೀಕ; ಬಿಲ್ಲು ಇಳಿದರೆ ಲಾಭ ಬಾಡಿಗೆದಾರನಿಗೆ. ಹಾಗಾಗಿ ಇಬ್ಬರೂ ಸುಮ್ಮನಿರುತ್ತಾರೆ.

ಹುಟ್ಟು ಮತ್ತು ಹರಡುವಿಕೆ

1973ರ ತೈಲ ಬಿಕ್ಕಟ್ಟು ಬಂದಾಗ ಡೆನ್ಮಾರ್ಕ್ ತನ್ನ ಬಹುಪಾಲು ಇಂಧನಕ್ಕೆ ಆಮದು ಎಣ್ಣೆಯನ್ನೇ ನೆಚ್ಚಿಕೊಂಡಿತ್ತು. ಆ ಪೆಟ್ಟಿನ ನಂತರ ಮನೆಗಳ ಶಾಖ ಉಳಿತಾಯವನ್ನು ಅಲ್ಲಿನ ಸರ್ಕಾರಗಳು ರಾಷ್ಟ್ರೀಯ ಕೆಲಸವೆಂದೇ ಹಿಡಿದವು. ಮನೆ ಮಾರುವಾಗ ಇಂಧನ ಲೇಬಲ್ ಕಡ್ಡಾಯ ಎಂಬ ನಿಯಮ 1997ರಲ್ಲಿ ಅಲ್ಲಿ ಜಾರಿಗೆ ಬಂತು. ಎರಡು ವರ್ಷಗಳ ನಂತರ, 1999ರಲ್ಲಿ, ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶ ಅದೇ ದಾರಿ ಹಿಡಿಯಿತು. ಕ್ಯಾನ್‌ಬೆರಾದಲ್ಲಿ ಮನೆ ಮಾರಾಟದ ಜಾಹೀರಾತು ಕೊಡುವವರು ಅದರ ಸ್ಟಾರ್ ದರ್ಜೆಯನ್ನೂ ಹೇಳಬೇಕಾಯಿತು.

ಯುರೋಪಿಯನ್ ಸಮುದಾಯ 1993ರ ಒಂದು ನಿರ್ದೇಶನದಲ್ಲಿಯೇ ಕಟ್ಟಡಗಳ ಇಂಧನ ಪ್ರಮಾಣಪತ್ರದ ಮಾತು ಎತ್ತಿತ್ತು. ಅದರಲ್ಲಿ ಬಿಗಿ ಇರಲಿಲ್ಲ, ಸದಸ್ಯ ದೇಶಗಳು ತಮಗೆ ತೋಚಿದಂತೆ ನಡೆದುಕೊಂಡವು. ಬಿಗಿ ಬಂದದ್ದು ಹವಾಮಾನ ಬದಲಾವಣೆ ಕುರಿತ ಕ್ಯೋಟೊ ಒಪ್ಪಂದದ ನಂತರ. 2002ರ ಡಿಸೆಂಬರ್ 16ರಂದು ಅಂಗೀಕಾರವಾದ ಕಟ್ಟಡಗಳ ಇಂಧನ ಕಾರ್ಯಕ್ಷಮತಾ ನಿರ್ದೇಶನ, ಕಟ್ಟುವಾಗ, ಮಾರುವಾಗ, ಬಾಡಿಗೆಗೆ ಕೊಡುವಾಗ ಪ್ರಮಾಣಪತ್ರ ಇರಲೇಬೇಕೆಂದಿತು, ಅದರ ಆಯಸ್ಸನ್ನು ಗರಿಷ್ಠ 10 ವರ್ಷಕ್ಕೆ ಕಟ್ಟಿಹಾಕಿತು. ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2006ರ ಜನವರಿ. ಮನೆ ಪರೀಕ್ಷಿಸಬಲ್ಲ ತಜ್ಞರು ಸಾಲದಿದ್ದರೆ ಇನ್ನೂ 3 ವರ್ಷ ತೆಗೆದುಕೊಳ್ಳಬಹುದೆಂಬ ಸಡಿಲಿಕೆಯೂ ಇತ್ತು, ಹಲವು ದೇಶಗಳು ಅದನ್ನು ಪೂರ್ತಿಯಾಗಿ ಬಳಸಿಕೊಂಡವು. 2010ರ ಪರಿಷ್ಕರಣೆಯಲ್ಲಿ ಸೇರಿದ ಒಂದು ಸಣ್ಣ ಷರತ್ತು ದೊಡ್ಡ ಬದಲಾವಣೆ ತಂದಿತು: ದರ್ಜೆಯನ್ನು ಜಾಹೀರಾತಿನಲ್ಲಿಯೇ ಕಾಣಿಸಬೇಕು. ಅಲ್ಲಿಯವರೆಗೆ ಈ ಕಾಗದ ಹಲವು ಕಡೆ ಕರಾರಿಗೆ ಸಹಿ ಹಾಕುವ ದಿನ ಕಡತದ ತಳದಿಂದ ಹೊರಬರುತ್ತಿತ್ತು. ಬೆಲೆ ಕುದುರಿ, ಮುಂಗಡ ಕೊಟ್ಟ ಮೇಲೆ ಕೈಗೆ ಬರುವ ಮಾಹಿತಿಯಿಂದ ಯಾರಿಗೂ ಉಪಯೋಗವಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್

ಈ ಪತ್ರದ ಹುಟ್ಟು, ಬಾಳು, ಜಗಳ ಎಲ್ಲವೂ ಚೆನ್ನಾಗಿ ದಾಖಲಾಗಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ. ಅಲ್ಲಿ ಇಪಿಸಿ ಒಂಟಿಯಾಗಿ ಬರಲಿಲ್ಲ. 2004ರ ವಸತಿ ಕಾಯ್ದೆಯ ಪ್ರಕಾರ ಮನೆ ಮಾರುವವರು ಹೋಮ್ ಇನ್ಫರ್ಮೇಶನ್ ಪ್ಯಾಕ್ ಎಂಬ ಕಾಗದಗಳ ಕಟ್ಟನ್ನು ಸಿದ್ಧಪಡಿಸಬೇಕಿತ್ತು, ಇಪಿಸಿ ಅದರೊಳಗಿನ ಒಂದು ಭಾಗ. ಸರ್ವೇಯರುಗಳ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು, ತರಬೇತಾದ ಪರೀಕ್ಷಕರ ಸಂಖ್ಯೆ ಸಾಲಲಿಲ್ಲ. 2007ರ ಜೂನ್ 1ರಿಂದ ಜಾರಿಯಾಗಬೇಕಿದ್ದ ನಿಯಮ ಆಗಸ್ಟ್ 1ಕ್ಕೆ ಹೋಯಿತು, ಅದೂ 4 ಅಥವಾ ಹೆಚ್ಚು ಬೆಡ್‌ರೂಮಿನ ಮನೆಗಳಿಗೆ ಮಾತ್ರ. ಸೆಪ್ಟೆಂಬರಿನಲ್ಲಿ 3 ಬೆಡ್‌ರೂಮಿನ ಮನೆಗಳು, ಡಿಸೆಂಬರಿನಲ್ಲಿ ಉಳಿದವೆಲ್ಲ ಸೇರಿದವು. ಬಾಡಿಗೆ ಮನೆಗಳಿಗೆ 2008ರ ಅಕ್ಟೋಬರ್ 1ರಿಂದ ಅನ್ವಯವಾಯಿತು. 2010ರ ಮೇ ತಿಂಗಳಲ್ಲಿ ಬಂದ ಹೊಸ ಸರ್ಕಾರ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಇಡೀ ಕಟ್ಟನ್ನು ಕಿತ್ತುಹಾಕಿತು. ಇಪಿಸಿ ಮಾತ್ರ ಉಳಿಯಿತು, ಯುರೋಪಿನ ಕಾನೂನು ಅದನ್ನು ತೆಗೆಯಲು ಬಿಡುತ್ತಿರಲಿಲ್ಲ. ಮುಂದೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದಲೇ ಹೊರಬಂದರೂ ಪತ್ರ ಹೋಗಲಿಲ್ಲ.

ಅಂಕ ಕೊಡುವ ಲೆಕ್ಕಕ್ಕೆ ಸ್ಯಾಪ್ ಎಂದು ಹೆಸರು. ಕಟ್ಟಡ ಸಂಶೋಧನಾ ಸಂಸ್ಥೆಯಾದ ಬಿಆರ್‌ಇ 1990ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ. ಮನೆಗೆ 1ರಿಂದ 100ರವರೆಗೆ ಅಂಕ ಸಿಗುತ್ತದೆ. 92 ಅಥವಾ ಅದಕ್ಕಿಂತ ಮೇಲಿದ್ದರೆ ‘ಎ’, 81ರಿಂದ ‘ಬಿ’, 69ರಿಂದ ‘ಸಿ’, 55ರಿಂದ ‘ಡಿ’, 39ರಿಂದ ‘ಇ’, 21ರಿಂದ ‘ಎಫ್’, ಅದಕ್ಕೂ ಕೆಳಗೆ ‘ಜಿ’. ತಾನು ಬಳಸುವುದಕ್ಕಿಂತ ಹೆಚ್ಚು ಸೌರ ವಿದ್ಯುತ್ ಹೊರಗೆ ಕಳಿಸುವ ಮನೆಗೆ 100 ದಾಟಿಯೂ ಅಂಕ ಬರಬಹುದು. ಇಲ್ಲೊಂದು ವಿಷಯ ನೆನಪಿನಲ್ಲಿರಬೇಕು: ಈ ಅಂಕ ನಿಂತಿರುವುದು ಇಂಧನದ ಪ್ರಮಾಣದ ಮೇಲಲ್ಲ, ಪ್ರತಿ ಚದರ ಮೀಟರಿಗೆ ತಗಲುವ ಇಂಧನದ ಖರ್ಚಿನ ಮೇಲೆ. ಪತ್ರದ ಹೆಸರು ಓದಿದವರಿಗೆ ಇದು ಹೊಳೆಯುವುದೇ ಇಲ್ಲ.

ಪರೀಕ್ಷೆಗೆ ಬರುವವರನ್ನು ಡೊಮೆಸ್ಟಿಕ್ ಎನರ್ಜಿ ಅಸೆಸರ್ ಎನ್ನುತ್ತಾರೆ. ಮಾನ್ಯತೆ ಪಡೆದ ಯಾವುದಾದರೂ ಒಂದು ಯೋಜನೆಯಲ್ಲಿ ಅವರು ಸದಸ್ಯರಾಗಿರಬೇಕು. ಸಾಮಾನ್ಯ ಮನೆಯೊಂದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಶುಲ್ಕ ಹೆಚ್ಚು ಕಡಿಮೆ 60ರಿಂದ 120 ಪೌಂಡ್. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಸಾಲುಸಾಲಾಗಿ ನಿಂತಿರುವ ವಿಕ್ಟೋರಿಯಾ ಕಾಲದ ಕೆಂಪು ಇಟ್ಟಿಗೆಯ ಮನೆಯೊಂದಕ್ಕೆ ಅಸೆಸರ್ ಬಂದರೆನ್ನಿ. ಬಾಗಿಲು ತಟ್ಟುವ ಮೊದಲೇ ಅವರ ಕಣ್ಣು ಗೋಡೆಯ ಇಟ್ಟಿಗೆ ಜೋಡಣೆಯ ಮೇಲೆ. ಉದ್ದ ಮೈಯ ಇಟ್ಟಿಗೆಗಳ ನಡುನಡುವೆ ಗಿಡ್ಡ ತುದಿಗಳು ಕಂಡರೆ ಗೋಡೆ ಗಟ್ಟಿ, ಅಂದರೆ ಇಟ್ಟಿಗೆಯನ್ನು ಅಡ್ಡಲಾಗಿಯೂ ಹೊಂದಿಸಿ ಕಟ್ಟಿದ್ದು, ಒಳಗೆ ಟೊಳ್ಳಿಲ್ಲ. ಬರೀ ಉದ್ದ ಮೈಗಳೇ ಕಂಡರೆ ಎರಡು ಪದರದ ಗೋಡೆ, ನಡುವೆ ಗಾಳಿಯ ಸಂದು. ಆ ಸಂದಿನಲ್ಲಿ ಇನ್ಸುಲೇಶನ್ ತುಂಬಿಸಬಹುದು. ಗಟ್ಟಿ ಗೋಡೆಗಾದರೆ ಒಳಗಿನಿಂದಲೋ ಹೊರಗಿನಿಂದಲೋ ಹೊದಿಕೆ ಹಾಕಬೇಕು, ಖರ್ಚು ಎಷ್ಟೋ ಪಟ್ಟು ಹೆಚ್ಚು. ಇದು ಅನುಮಾನವಾದರೆ ಬಾಗಿಲ ಚೌಕಟ್ಟಿನ ಬಳಿ ಗೋಡೆಯ ದಪ್ಪ ಅಳೆದು ಖಚಿತ ಮಾಡಿಕೊಳ್ಳುತ್ತಾರೆ.

ಆಮೇಲೆ ಒಳಗೆ. ಕೋಣೆಗಳ ಅಳತೆ, ಚಾವಣಿಯ ಎತ್ತರ. ಮಾಡಿನ ಕೆಳಗಿನ ಅಟ್ಟದ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು, ತೊಲೆಗಳ ನಡುವೆ ಹಾಸಿದ ಗಾಜಿನ ನಾರಿನ ಹಾಸಿನಲ್ಲಿ ಅಳತೆಪಟ್ಟಿ ಇಳಿಸಿ ದಪ್ಪ ನೋಡುತ್ತಾರೆ. ಇಂದಿನ ಶಿಫಾರಸು 270 ಮಿಲಿಮೀಟರ್. ಕಿಟಕಿ ಒಂಟಿ ಗಾಜಿನದೋ ಜೋಡಿ ಗಾಜಿನದೋ, ಜೋಡಿಯಾದರೆ ಎಂದು ಹಾಕಿದ್ದು ಎಂದು ತಿಳಿಯಲು ಎರಡು ಗಾಜುಗಳ ನಡುವಿನ ಲೋಹದ ಪಟ್ಟಿಯ ಮೇಲೆ ಇಸವಿ ಒತ್ತಿದೆಯೇ ಎಂದು ಹುಡುಕುತ್ತಾರೆ. ಬಾಯ್ಲರಿನ ಮಾದರಿ, ರೇಡಿಯೇಟರುಗಳಿಗೆ ಕವಾಟ ಇದೆಯೇ, ಬಿಸಿನೀರಿನ ಟ್ಯಾಂಕಿನ ಹೊದಿಕೆ ಎಷ್ಟು ದಪ್ಪ, ಬಲ್ಬು ಯಾವ ಬಗೆಯದು ಎಲ್ಲ ಟ್ಯಾಬ್ಲೆಟ್ಟಿಗೆ ಏರುತ್ತದೆ, ಪ್ರತಿಯೊಂದಕ್ಕೂ ಫೋಟೊ ಸಾಕ್ಷಿ. ಗೋಡೆ ಕೊರೆಯುವುದಿಲ್ಲ, ನೆಲ ಎಬ್ಬಿಸುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಮಾಲೀಕ ರಸೀದಿ ತೋರಿಸಬೇಕು. ತೋರಿಸದಿದ್ದರೆ ಮನೆ ಕಟ್ಟಿದ ಕಾಲವೇ ಆಧಾರ: 1900ಕ್ಕಿಂತ ಹಿಂದಿನದು, 1900ರಿಂದ 1929ರದು, 1930ರಿಂದ 1949ರದು ಎಂದು ಗುಂಪುಗಳಿವೆ, ಪ್ರತಿ ಗುಂಪಿಗೂ ಸಿದ್ಧ ಮೌಲ್ಯಗಳಿವೆ. ಪತ್ರದಲ್ಲಿ ಆಗ ‘ಇನ್ಸುಲೇಶನ್ ಇಲ್ಲ’ ಎಂದು ಬರೆದು ಪಕ್ಕದಲ್ಲಿ ‘ಊಹಿಸಿದ್ದು’ ಎಂದು ಸೇರಿಸುತ್ತಾರೆ. ಹತ್ತು ವರ್ಷದ ಹಿಂದೆ ಸಾವಿರಾರು ಪೌಂಡ್ ಸುರಿದು ನೆಲದಡಿ ಹೊದಿಕೆ ಹಾಕಿಸಿ, ಬಿಲ್ಲು ಕಳೆದುಕೊಂಡವರಿಗೆ ಆ ಒಂದು ಪದ ದುಬಾರಿ.

ಹಳೆಯ ಮನೆಗಳಿಗೆ ಪೂರ್ಣ ಸ್ಯಾಪ್ ಲೆಕ್ಕಕ್ಕೆ ಬೇಕಾದಷ್ಟು ವಿವರ ಸಿಗುವುದಿಲ್ಲವಾದ್ದರಿಂದ ಅದರ ಮೊಟಕಾದ ರೂಪವನ್ನು ಬಳಸುತ್ತಾರೆ. 2025ರ ಜೂನ್‌ನಲ್ಲಿ ಜಾರಿಗೆ ಬಂದ ಇದರ ಹೊಸ ಆವೃತ್ತಿಯಲ್ಲಿ ಕಿಟಕಿಗಳನ್ನು ಅಂದಾಜಿಸದೆ ಅಳೆಯಬೇಕೆಂದು ಮಾಡಿದ್ದಾರೆ. ಇಷ್ಟು ಕಾಲ ಅಳೆಯುತ್ತಿರಲಿಲ್ಲವೇ ಎಂದು ಓದುಗರು ಹುಬ್ಬೇರಿಸಿದರೆ ತಪ್ಪಿಲ್ಲ.

ಪತ್ರದ ಎರಡನೆಯ ಭಾಗ ಶಿಫಾರಸುಗಳದ್ದು: ಏನು ಮಾಡಿಸಿದರೆ ಅಂದಾಜು ಎಷ್ಟು ಖರ್ಚು, ವರ್ಷಕ್ಕೆ ಎಷ್ಟು ಉಳಿತಾಯ, ಅಂಕ ಎಲ್ಲಿಗೆ ಏರುತ್ತದೆ. ಇದೆಲ್ಲ ಸರ್ಕಾರದ ನೋಂದಣಿಯಲ್ಲಿ ಬಹಿರಂಗವಾಗಿದೆ. ಪೋಸ್ಟ್‌ಕೋಡ್ ಹೊಡೆದರೆ ಆ ಬೀದಿಯ ಮನೆಗಳ ಪತ್ರಗಳು ಪುಕ್ಕಟೆಯಾಗಿ ತೆರೆದುಕೊಳ್ಳುತ್ತವೆ. ಕೆಲಸಕ್ಕೆಂದು ಬೆಂಗಳೂರಿನಿಂದ ರೆಡಿಂಗ್‌ಗೋ ಲಂಡನ್ನಿನ ಹೊರವಲಯಕ್ಕೋ ಹೋಗಿ ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಬಾಡಿಗೆ ಮನೆ ನೋಡುವ ಕನ್ನಡಿಗರಿಗೆ ಈ ನೋಂದಣಿ ತುಂಬ ಉಪಯೋಗಿ. ಆಗ ಎಲ್ಲ ಮನೆಯೂ ಬೆಚ್ಚಗೇ ಇರುತ್ತದೆ. ಜನವರಿಯ ಗ್ಯಾಸ್ ಬಿಲ್ಲಿನ ಸುಳಿವು ಕೊಡುವುದು ‘ಇ’ ಎಂಬ ಆ ಅಕ್ಷರ.

ಲೆಕ್ಕದ ಮನೆ, ಬದುಕುವ ಮನೆ

ಸ್ಯಾಪ್ ಲೆಕ್ಕ ಒಂದು ಮಾದರಿ ಕುಟುಂಬವನ್ನು ಕಲ್ಪಿಸಿಕೊಳ್ಳುತ್ತದೆ. ಮನೆಯ ವಿಸ್ತೀರ್ಣ ನೋಡಿ ಜನ ಎಷ್ಟೆಂದು ಅದೇ ನಿರ್ಧರಿಸುತ್ತದೆ. ಆ ಕುಟುಂಬ ಹಜಾರವನ್ನು 21 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತದೆ, ವಾರದ ದಿನಗಳಲ್ಲಿ 9 ಗಂಟೆ, ಶನಿವಾರ ಭಾನುವಾರ 16 ಗಂಟೆ ಹೀಟಿಂಗ್ ಹಾಕುತ್ತದೆ. ಹವಾಮಾನವೂ ದೇಶದ ಸರಾಸರಿಯದೇ. ದಕ್ಷಿಣದ ಕಾರ್ನ್‌ವಾಲ್‌ನಲ್ಲಿರುವ ಮನೆಗೂ ಉತ್ತರದ ನಾರ್ಥಂಬರ್‌ಲ್ಯಾಂಡಿನ ಅಂಥದ್ದೇ ಮನೆಗೂ ಒಂದೇ ಅಂಕ. ಇದನ್ನು ದೋಷವೆನ್ನುವಂತಿಲ್ಲ. ಮನೆಮನೆಗಳನ್ನು ಹೋಲಿಸಬೇಕಾದರೆ ಜನರನ್ನೂ ಚಳಿಯನ್ನೂ ಒಂದೇ ಸಮ ಇಡಬೇಕು. ಕಾರಿನ ಕಂಪನಿ ಹೇಳುವ ಮೈಲೇಜನ್ನು ನಾವು ಓದುವಂತೆ ಈ ಅಂಕವನ್ನೂ ಓದಬೇಕು. ತೊಂದರೆ ಬರುವುದು ಅದನ್ನೇ ಬಿಲ್ಲಿನ ಭವಿಷ್ಯವೆಂದು ನಂಬಿದಾಗ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಮಿನ್ನಾ ಸುನಿಕ್ಕಾ-ಬ್ಲಾಂಕ್ ಮತ್ತು ರೇ ಗ್ಯಾಲ್ವಿನ್ 2012ರಲ್ಲಿ ಜರ್ಮನಿಯ ಸುಮಾರು 3,400 ಮನೆಗಳ ಅಂಕಿ ಅಂಶ ಹರಡಿ ನೋಡಿದಾಗ, ಜನ ನಿಜಕ್ಕೂ ಬಳಸುತ್ತಿದ್ದ ಶಾಖ ಪ್ರಮಾಣಪತ್ರದ ಲೆಕ್ಕಕ್ಕಿಂತ ಸರಾಸರಿ ಶೇ. 30ರಷ್ಟು ಕಡಿಮೆ ಇತ್ತು. ಮನೆ ಎಷ್ಟು ಕಳಪೆಯೋ ಅಂತರ ಅಷ್ಟು ದೊಡ್ಡದು. 2023ರಲ್ಲಿ ಪ್ರಕಟವಾದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದು ಬ್ರಿಟನ್ನಿನ 1,374 ಮನೆಗಳ ಮೀಟರ್ ಲೆಕ್ಕವನ್ನು ಇಪಿಸಿಯೊಂದಿಗೆ ಹೋಲಿಸಿತು. ‘ಎ’, ‘ಬಿ’ ಮನೆಗಳಲ್ಲಿ ಎರಡೂ ಹೆಚ್ಚುಕಡಿಮೆ ತಾಳೆಯಾದವು, ‘ಸಿ’ಯಲ್ಲಿ ಶೇ. 8ರ ವ್ಯತ್ಯಾಸ. ‘ಎಫ್’, ‘ಜಿ’ ಮನೆಗಳವರು ಬಳಸುತ್ತಿದ್ದುದು ಪತ್ರ ಹೇಳಿದ್ದಕ್ಕಿಂತ ಶೇ. 48ರಷ್ಟು ಕಡಿಮೆ.

ಕಾರಣಗಳಲ್ಲಿ ಒಂದು ಲೆಕ್ಕದ್ದು: ಹಳೆಯ ಗಟ್ಟಿ ಗೋಡೆಗಳಿಗೆ ಹಿಡಿದ ಸಿದ್ಧ ಮೌಲ್ಯಗಳು ಅವು ವಾಸ್ತವದಲ್ಲಿ ಸೋರುವುದಕ್ಕಿಂತ ಹೆಚ್ಚು ಸೋರಿಕೆ ತೋರಿಸಿದ್ದುಂಟು. ಇನ್ನೊಂದು ಬದುಕಿನದು. ಸೋರುವ ಮನೆಯಲ್ಲಿ ಇರುವವರು ಪೂರ್ತಿ ಮನೆಯನ್ನು 21 ಡಿಗ್ರಿಗೆ ಏರಿಸುವುದಿಲ್ಲ. ಒಂದು ಕೋಣೆ ಬೆಚ್ಚಗಿಟ್ಟು, ಸ್ವೆಟರ್ ಹಾಕಿಕೊಂಡು, ಉಳಿದ ಬಾಗಿಲು ಮುಚ್ಚಿ ಕಾಲ ತಳ್ಳುತ್ತಾರೆ. ಅಂಥ ಮನೆಗೆ ಇನ್ಸುಲೇಶನ್ ಹಾಕಿಸಿದ ಮೇಲೆ ಬಿಲ್ಲು ಪತ್ರದಲ್ಲಿ ಹೇಳಿದಷ್ಟು ಇಳಿಯುವುದಿಲ್ಲ, ಬದಲಿಗೆ ಮನೆ ಮೊದಲ ಬಾರಿಗೆ ಬೆಚ್ಚಗಾಗುತ್ತದೆ. ಸಾಲದ ಕಂತನ್ನು ಉಳಿತಾಯದಿಂದಲೇ ತೀರಿಸಬಹುದೆಂದು ಹಾಕಿಕೊಂಡ ಸರ್ಕಾರಿ ಲೆಕ್ಕಗಳು ಇಲ್ಲಿ ಅಡಿಮೇಲಾಗುತ್ತವೆ.

ಜರ್ಮನಿ ಈ ಒಡಕನ್ನು ಎರಡು ಬಗೆಯ ಪತ್ರಗಳನ್ನಿಟ್ಟು ನಿಭಾಯಿಸುತ್ತದೆ. ಒಂದು ಬೇಡಿಕೆಯ ಪತ್ರ, ಗೋಡೆ, ಕಿಟಕಿ, ಬಾಯ್ಲರ್ ನೋಡಿ ಲೆಕ್ಕ ಹಾಕಿದ್ದು. ಇನ್ನೊಂದು ಬಳಕೆಯ ಪತ್ರ, ಹಿಂದಿನ ಮೂರು ವರ್ಷಗಳ ಬಿಲ್ಲುಗಳನ್ನು ಹವಾಮಾನಕ್ಕೆ ಸರಿಹೊಂದಿಸಿ ತಯಾರಿಸಿದ್ದು. ಎರಡನೆಯದು ಅಗ್ಗ, ಬೇಗ ಸಿಗುತ್ತದೆ. ಆದರೆ ಹಿಂದೆ ಇದ್ದ ವೃದ್ಧ ದಂಪತಿ ಒಂದೇ ಕೋಣೆ ಬಿಸಿ ಮಾಡಿಕೊಂಡಿದ್ದರೆ ಕಳಪೆ ಮನೆಗೂ ಒಳ್ಳೆಯ ದರ್ಜೆ ಬಂದುಬಿಡುತ್ತದೆ. ಆ ಕಾರಣಕ್ಕೇ 5ಕ್ಕಿಂತ ಕಡಿಮೆ ವಾಸದ ಘಟಕಗಳಿರುವ, 1977ರ ನವೆಂಬರ್‌ಗಿಂತ ಮೊದಲು ಅನುಮತಿ ಕೇಳಿದ, ನಂತರ ಸುಧಾರಿಸದ ಕಟ್ಟಡಗಳಿಗೆ ಬೇಡಿಕೆಯ ಪತ್ರವೇ ಬೇಕೆಂದು ನಿಯಮ. ಜರ್ಮನಿಯ ಏಣಿ ‘ಎ ಪ್ಲಸ್’ನಿಂದ ‘ಎಚ್’ವರೆಗೆ ಹೋಗುತ್ತದೆ, ಚದರ ಮೀಟರಿಗೆ ವರ್ಷಕ್ಕೆ 30 ಯೂನಿಟ್‌ಗಿಂತ ಕಡಿಮೆ ಇದ್ದರೆ ತುದಿ, 250 ದಾಟಿದರೆ ತಳ.

ಮಾಹಿತಿಯಿಂದ ಕಟ್ಟಳೆಗೆ

ಮೊದಲ ದಶಕದಲ್ಲಿ ಈ ಪತ್ರ ಬರೀ ಮಾಹಿತಿ. ‘ಜಿ’ ದರ್ಜೆಯ ಮನೆಯನ್ನು ಬಾಡಿಗೆಗೆ ಕೊಡಲು ಅಡ್ಡಿ ಇರಲಿಲ್ಲ, ಹೇಳಿ ಕೊಡಬೇಕಿತ್ತು ಅಷ್ಟೆ. ಆಮೇಲೆ ಸರ್ಕಾರಗಳು ಕೈಯಲ್ಲಿ ಸಿದ್ಧವಾಗಿದ್ದ ಈ ಅಕ್ಷರಗಳಿಗೇ ಕಾನೂನನ್ನು ಕಟ್ಟಿದವು. ಇಷ್ಟು ಭಾರ ಹೊರಲೆಂದು ಇದನ್ನು ಯಾರೂ ರೂಪಿಸಿರಲಿಲ್ಲ. 68 ಅಂಕಕ್ಕೂ 69ಕ್ಕೂ ನಡುವಿನ ವ್ಯತ್ಯಾಸ ಮಾಹಿತಿಯಾಗಿದ್ದಾಗ ಲೆಕ್ಕಕ್ಕಿರಲಿಲ್ಲ. ಅದೇ ಗಡಿ ದಾಟದಿದ್ದರೆ ಮನೆ ಬಾಡಿಗೆಗೆ ಕೊಡುವಂತಿಲ್ಲ ಎಂದಾದರೆ ಆ ಒಂದು ಅಂಕಕ್ಕೆ ಸಾವಿರಾರು ಪೌಂಡ್ ಬೆಲೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಏಪ್ರಿಲ್ 1ರಿಂದ ಖಾಸಗಿ ಬಾಡಿಗೆಯ ಹೊಸ ಕರಾರುಗಳಿಗೆ ಕನಿಷ್ಠ ‘ಇ’ ದರ್ಜೆ ಬೇಕಾಯಿತು, 2020ರ ಏಪ್ರಿಲ್‌ನಿಂದ ನಡೆಯುತ್ತಿದ್ದ ಕರಾರುಗಳಿಗೂ ಅದು ಅನ್ವಯಿಸಿತು. ಮಾಲೀಕ 3,500 ಪೌಂಡಿನವರೆಗೆ ಖರ್ಚು ಮಾಡಬೇಕು, ಆಗಲೂ ‘ಇ’ ಮುಟ್ಟದಿದ್ದರೆ ವಿನಾಯಿತಿ ನೋಂದಾಯಿಸಬಹುದು. ಉಲ್ಲಂಘನೆಗೆ ಒಂದು ಮನೆಗೆ ಗರಿಷ್ಠ 5,000 ಪೌಂಡ್ ದಂಡ. ಇನ್ನೊಂದು ಹಿಡಿತವೂ ಇತ್ತು: ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್‌ನಿಂದೀಚಿನ ಕರಾರುಗಳಲ್ಲಿ ಇಪಿಸಿ ಕೊಡದ ಮಾಲೀಕ ಕಾರಣ ಹೇಳದೆ ಮನೆ ಬಿಡಿಸುವ ನೋಟಿಸ್ ಕೊಡುವಂತಿರಲಿಲ್ಲ. ದಂಡಕ್ಕಿಂತ ಇದಕ್ಕೆ ಹೆದರಿದವರೇ ಜಾಸ್ತಿ ಇರಬೇಕು. ಮುಂದಿನ ಮೆಟ್ಟಿಲು ‘ಸಿ’. 2020ರಲ್ಲಿ ಅದರ ಪ್ರಸ್ತಾಪ ಬಂತು, 2023ರ ಸೆಪ್ಟೆಂಬರಿನಲ್ಲಿ ಪ್ರಧಾನಿ ರಿಷಿ ಸುನಕ್ ಅದನ್ನು ಕೈಬಿಟ್ಟರು, 2025ರ ಫೆಬ್ರವರಿಯಲ್ಲಿ ಲೇಬರ್ ಸರ್ಕಾರ 2030ರ ಗಡುವಿನೊಂದಿಗೆ ಮತ್ತೆ ಎತ್ತಿತು. ಈ ಹಾವು ಏಣಿ ಆಟದಲ್ಲಿ ಕೆಲಸ ಮಾಡಿಸಿದ ಮಾಲೀಕರಿಗಿಂತ ಕಾದು ಕೂತವರಿಗೇ ಅನುಕೂಲವಾದದ್ದು.

ಖರ್ಚಿನ ಆಧಾರದ ಅಂಕ ಪರಿಸರ ನೀತಿಗೆ ಒಗ್ಗದಿರುವುದು ಎದ್ದು ಕಂಡದ್ದು ಹೀಟ್ ಪಂಪಿನ ವಿಷಯದಲ್ಲಿ. ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಬೆಲೆ. ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ ತೆಗೆದುಕೊಂಡು ಮೂರು ಯೂನಿಟ್‌ನಷ್ಟು ಶಾಖ ಕೊಟ್ಟರೂ ಬೆಲೆಯಲ್ಲಿ ಗ್ಯಾಸ್ ಬಾಯ್ಲರನ್ನು ಹಿಂದಿಕ್ಕುವುದು ಕಷ್ಟ. ಹೊಗೆ ಕಡಿಮೆ ಮಾಡಲೆಂದು ಸರ್ಕಾರ ಸಹಾಯಧನ ಕೊಟ್ಟು ಹಾಕಿಸುವ ಯಂತ್ರದಿಂದ ಅದೇ ಸರ್ಕಾರದ ಪತ್ರದಲ್ಲಿ ಮನೆಯ ಅಂಕ ಇಳಿದುಹೋಗಬಹುದು. 2024ರ ಡಿಸೆಂಬರಿನಲ್ಲಿ ಮುಂದಿಟ್ಟ ಸುಧಾರಣಾ ಪ್ರಸ್ತಾಪದಲ್ಲಿ ಒಂದೇ ಅಂಕದ ಬದಲು ಕಟ್ಟಡದ ಮೈ, ಹೀಟಿಂಗ್ ವ್ಯವಸ್ಥೆ, ಖರ್ಚು ಇತ್ಯಾದಿಗಳಿಗೆ ಬೇರೆ ಬೇರೆ ಅಳತೆ ಇರಲಿ ಎಂಬ ಆಲೋಚನೆ ಇರುವುದು ಇದೇ ಕಾರಣಕ್ಕೆ.

ಫ್ರಾನ್ಸ್ ಎಲ್ಲರಿಗಿಂತ ಮುಂದೆ ಹೋಗಿದೆ. ಅಲ್ಲಿ ಮಾರಾಟಕ್ಕೆ 2006ರ ನವೆಂಬರ್‌ನಿಂದ, ಬಾಡಿಗೆಗೆ 2007ರ ಜುಲೈಯಿಂದ ಪತ್ರ ಬಂತು. 2021ರ ಜುಲೈವರೆಗೆ ಹಳೆಯ ಬಿಲ್ಲುಗಳ ಆಧಾರದ ಮೇಲೂ ಅದನ್ನು ಬರೆಯಬಹುದಿತ್ತು, ಬಿಲ್ಲೇ ಸಿಗದಿದ್ದರೆ ಖಾಲಿ ಹಾಳೆಯನ್ನೇ ಕೊಟ್ಟುಬಿಡುವುದಿತ್ತು. ಆಮೇಲೆ ಲೆಕ್ಕದ ವಿಧಾನ ಒಂದೇ ಆಯಿತು, ಪತ್ರಕ್ಕೆ ಕಾನೂನಿನ ಬಲವೂ ಬಂತು: ದರ್ಜೆ ತಪ್ಪಾಗಿದ್ದರೆ ಕೊಂಡವರು, ಬಾಡಿಗೆಗೆ ಬಂದವರು ನ್ಯಾಯಾಲಯಕ್ಕೆ ಹೋಗಬಹುದು. ಅದೇ ವರ್ಷದ ಆಗಸ್ಟ್‌ನ ಹವಾಮಾನ ಕಾಯ್ದೆ ಮೆಟ್ಟಿಲುಗಳನ್ನು ಕಟ್ಟಿತು. 2022ರ ಆಗಸ್ಟ್‌ನಿಂದ ‘ಎಫ್’, ‘ಜಿ’ ಮನೆಗಳ ಬಾಡಿಗೆ ಏರಿಸುವಂತಿಲ್ಲ. ‘ಜಿ’ ಮನೆಗಳನ್ನು 2025ರ ಜನವರಿಯಿಂದ, ‘ಎಫ್’ ಮನೆಗಳನ್ನು 2028ರಿಂದ, ‘ಇ’ ಮನೆಗಳನ್ನು 2034ರಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಶಾಖದ ಜರಡಿಗಳು ಎಂದು ಪತ್ರಿಕೆಗಳು ಕರೆಯುವ ಇಂಥ ಮನೆಗಳಲ್ಲಿ ಪ್ಯಾರಿಸ್ಸಿನ ಪುಟ್ಟ ಕೋಣೆಗಳು ಬಹಳ. ಬಿಸಿನೀರಿನ ಖರ್ಚು ಕಡಿಮೆ ಚದರ ಮೀಟರುಗಳಿಗೆ ಹಂಚಿಹೋಗಿ ಚಿಕ್ಕ ಮನೆಗೆ ಅನ್ಯಾಯವಾಗುತ್ತಿದೆ ಎಂಬ ದೂರು ಎದ್ದು, 40 ಚದರ ಮೀಟರಿಗಿಂತ ಸಣ್ಣ ಮನೆಗಳ ಗಡಿಗಳನ್ನು 2024ರ ಜುಲೈಯಲ್ಲಿ ಸಡಿಲಿಸಬೇಕಾಯಿತು. ವಿದ್ಯುತ್ತಿನ ಪ್ರಶ್ನೆ ಅಲ್ಲೂ ಇದೆ, ಬೇರೆ ವೇಷದಲ್ಲಿ. ಮನೆಗೆ ಬಂದ ಒಂದು ಯೂನಿಟ್ ವಿದ್ಯುತ್ತನ್ನು ಅದರ ಉತ್ಪಾದನೆಯಲ್ಲಿ ಕಳೆದದ್ದನ್ನೂ ಸೇರಿಸಿ 2.3 ಯೂನಿಟ್ ಎಂದು ಎಣಿಸುತ್ತಿದ್ದರು. 2026ರ ಜನವರಿಯಿಂದ ಅದು 1.9. ಒಂದು ಮೊಳೆಯನ್ನೂ ಹೊಡೆಯದೆ ಲಕ್ಷಾಂತರ ಮನೆಗಳ ದರ್ಜೆ ಮೇಲೇರಿತು.

ಬೆಲ್ಜಿಯಂನ ಫ್ಲಾಂಡರ್ಸ್ ಭಾರವನ್ನು ಕೊಳ್ಳುವವರ ಮೇಲೆ ಹಾಕಿತು: 2023ರಿಂದ ‘ಇ’ ಅಥವಾ ‘ಎಫ್’ ಮನೆ ಕೊಂಡವರು ನಿಗದಿತ ವರ್ಷಗಳೊಳಗೆ ಅದನ್ನು ‘ಡಿ’ಗೆ ತರಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆಯ ಮಿತಿ ನಿರ್ಧರಿಸುವ ಅಂಕಪದ್ಧತಿಯಲ್ಲಿ ಲೇಬಲ್ಲಿಗೂ ಅಂಕವಿದೆ. ಇಟಲಿ 2020ರಲ್ಲಿ ತಂದ ಶೇ. 110ರ ತೆರಿಗೆ ರಿಯಾಯಿತಿ ಪಡೆಯಲು ದರ್ಜೆ ಎರಡು ಮೆಟ್ಟಿಲು ಏರಿದೆ ಎಂದು ಪತ್ರ ತೋರಿಸಬೇಕಿತ್ತು. ಐರ್ಲೆಂಡಿನ ಏಣಿಗೆ ‘ಎ1’ರಿಂದ ‘ಜಿ’ವರೆಗೆ 15 ಮೆಟ್ಟಿಲು. ಅಲ್ಲಿನ ಅಂಕಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಒಂದು ವಿಚಿತ್ರ ಕಂಡಿತು: ಪ್ರತಿ ಗಡಿಯ ಒಳ್ಳೆಯ ಮಗ್ಗುಲಲ್ಲಿ ಮನೆಗಳ ಗುಂಪು, ಕೆಟ್ಟ ಮಗ್ಗುಲಲ್ಲಿ ವಿರಳ.

2024ರಲ್ಲಿ ಮತ್ತೆ ಪರಿಷ್ಕರಿಸಿದ ಯುರೋಪಿಯನ್ ನಿರ್ದೇಶನ ಈ ಬಗೆಬಗೆಯ ಏಣಿಗಳನ್ನು ಒಂದೇ ‘ಎ’ಯಿಂದ ‘ಜಿ’ ಚೌಕಟ್ಟಿಗೆ ತರಲು ಹೊರಟಿದೆ. ‘ಎ’ ಶೂನ್ಯ ಹೊರಸೂಸುವಿಕೆಯ ಕಟ್ಟಡಕ್ಕೆ, ‘ಜಿ’ ಆಯಾ ದೇಶದ ಅತ್ಯಂತ ಕಳಪೆ ಕಟ್ಟಡಗಳಿಗೆ. ಒಂದೊಂದು ಮನೆಯೂ ಇಂತಿಷ್ಟು ದರ್ಜೆ ಮುಟ್ಟಲೇಬೇಕೆಂಬ ಮೂಲ ಪ್ರಸ್ತಾಪ ಮಾತ್ರ ಮಾತುಕತೆಯಲ್ಲಿ ಬಿದ್ದುಹೋಯಿತು. ಅದರ ಬದಲು ದೇಶದ ಎಲ್ಲ ಮನೆಗಳ ಸರಾಸರಿ ಬಳಕೆ 2030ಕ್ಕೆ ಶೇ. 16 ಇಳಿಯಬೇಕೆಂದು ಬಂತು.

ಬೆಲೆಯ ಮೇಲೆ ಪರಿಣಾಮ

ಒಳ್ಳೆಯ ದರ್ಜೆಗೆ ಒಳ್ಳೆಯ ಬೆಲೆ ಬರುತ್ತದೆಯೇ? ಕ್ಯಾನ್‌ಬೆರಾದ ಮಾರಾಟಗಳನ್ನು ನೋಡಿದ ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ, ಅರ್ಧ ಸ್ಟಾರ್ ಹೆಚ್ಚಿದಂತೆ ಬೆಲೆ 2005ರಲ್ಲಿ ಶೇ. 1.23, 2006ರಲ್ಲಿ ಶೇ. 1.91 ಏರಿತ್ತೆಂದು ಕಂಡುಕೊಂಡಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಡರ್ಕ್ ಬ್ರೌನೆನ್ ಮತ್ತು ನಿಲ್ಸ್ ಕಾಕ್ 2011ರಲ್ಲಿ ಹಸಿರು ಲೇಬಲ್ಲಿನ ಮನೆಗಳಿಗೆ ಶೇ. 3.7 ಹೆಚ್ಚು ಬೆಲೆ ಕಂಡರು. ಇಂಗ್ಲೆಂಡಿನಲ್ಲಿ ಮೂರು ಲಕ್ಷಕ್ಕೂ ಮೀರಿದ ಮನೆಗಳ ಅಧ್ಯಯನದಲ್ಲಿ ‘ಡಿ’ಗೆ ಹೋಲಿಸಿದರೆ ‘ಎ’, ‘ಬಿ’ ಮನೆಗಳಿಗೆ ಶೇ. 5ರಷ್ಟು, ‘ಸಿ’ಗೆ ಶೇ. 1.8ರಷ್ಟು ಹೆಚ್ಚು. ಐರ್ಲೆಂಡಿನಲ್ಲಿ ಮಾರಾಟದ ಬೆಲೆಯಲ್ಲಿ ‘ಎ’ಗೆ ಸುಮಾರು ಶೇ. 9 ಲಾಭ ಕಂಡರೂ ಬಾಡಿಗೆಯಲ್ಲಿ ಅದು ಶೇ. 2ರ ಆಸುಪಾಸು. ಬಾಡಿಗೆದಾರರು ವರ್ಷ ಎರಡು ವರ್ಷ ಇದ್ದು ಹೋಗುವವರು, ಮನೆಗಳ ಕೊರತೆ ಇರುವ ನಗರದಲ್ಲಿ ಅಕ್ಷರ ನೋಡಿ ಆರಿಸುವ ಸೌಕರ್ಯ ಅವರಿಗಿಲ್ಲ. ಮಾಹಿತಿಯಿಂದಲೇ ಬಾಡಿಗೆ ಮನೆಗಳು ಸುಧಾರಿಸುತ್ತವೆಂಬ ಮೂಲ ನಂಬಿಕೆ ಇಲ್ಲಿ ನಿಲ್ಲಲಿಲ್ಲ, ಕಟ್ಟಳೆ ಬರಲು ಇದೂ ಕಾರಣ. ಇನ್ನು ‘ಎ’, ‘ಬಿ’ ಮನೆಗಳು ಹೆಚ್ಚಾಗಿ ಹೊಸವು; ಜನ ಹೊಸತನಕ್ಕೆ ಕೊಟ್ಟದ್ದೆಷ್ಟು, ದಕ್ಷತೆಗೆ ಕೊಟ್ಟದ್ದೆಷ್ಟು ಎಂದು ಬಿಡಿಸುವುದು ಇಂಥ ಅಧ್ಯಯನಗಳಿಗೆ ಸುಲಭವಲ್ಲ.

ಅಮೆರಿಕದಲ್ಲಿ ಇದು ಊರೂರಿನ ವಿಷಯ. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ 2009ರಿಂದ 10 ವರ್ಷಕ್ಕಿಂತ ಹಳೆಯ ಮನೆ ಮಾರುವ ಮೊದಲು ಇಂಧನ ತಪಾಸಣೆ ಬೇಕು. ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ 2018ರಿಂದ 1ರಿಂದ 10ರ ಅಂಕ ಪ್ರಕಟಿಸಬೇಕು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಮನೆ ಮಾರಲು ಅಥವಾ ಬಾಡಿಗೆಗೆ ಕೊಡಲು ಇಂಥ ಪತ್ರ ಕಡ್ಡಾಯವಿಲ್ಲ. ಫ್ರಿಜ್, ಎಸಿಗಳ ಮೇಲೆ 2006ರಿಂದ ಸ್ಟಾರ್ ಅಂಟಿಸಿಕೊಂಡು ಬಂದ ಇಂಧನ ದಕ್ಷತಾ ಬ್ಯೂರೋ (ಬಿಇಇ) 2019ರ ಫೆಬ್ರವರಿಯಲ್ಲಿ ವಾಸದ ಕಟ್ಟಡಗಳಿಗೂ 1ರಿಂದ 5 ಸ್ಟಾರ್‌ನ ಲೇಬಲ್ ಆರಂಭಿಸಿತು, ಅದು ಸ್ವಯಂಪ್ರೇರಿತ. ಅದಕ್ಕೂ ಮೊದಲು, 2018ರ ಡಿಸೆಂಬರಿನಲ್ಲಿ, ಇಕೋ ನಿವಾಸ್ ಸಂಹಿತಾ ಎಂಬ ಕಟ್ಟಡ ಸಂಹಿತೆ ಬಂತು. ಯುರೋಪಿನ ಲೆಕ್ಕ ಶಾಖವನ್ನು ಒಳಗಿಡುವುದಾದರೆ ನಮ್ಮ ಲೆಕ್ಕ ಅದನ್ನು ಹೊರಗಿಡುವುದು. ಚಳಿಯ ವಲಯ ಬಿಟ್ಟು ಉಳಿದೆಡೆ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದೆಂದು ಸಂಹಿತೆ ಹೇಳುತ್ತದೆ. ಗಾಳಿಯಾಡಲು ತೆರೆಯುವ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ಶೇ. ಎಷ್ಟಿರಬೇಕೆಂದೂ ಹೇಳುತ್ತದೆ: ಸಮಶೀತೋಷ್ಣ ವಲಯದ ಬೆಂಗಳೂರಿಗೆ ಕನಿಷ್ಠ ಶೇ. 12.5, ಬಿಸಿ ಮತ್ತು ತೇವದ ವಲಯದ ಮಂಗಳೂರಿಗೆ ಶೇ. 16.66. ಗಾಳಿಗೆ ಇಂಥ ಜಾಗ ಕೊಟ್ಟಿರುವುದು ಸರಿಯಾಗಿಯೇ ಇದೆ, ಏಕೆಂದರೆ ನಮ್ಮ ಬಹುಪಾಲು ಮನೆಗಳನ್ನು ತಂಪಾಗಿಡುವುದು ಎಸಿ ಅಲ್ಲ, ಎದುರುಬದುರು ಕಿಟಕಿ ಮತ್ತು ಫ್ಯಾನು.

ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಸಂಪರ್ಕಿತ ಹೊರೆಯ ವಾಸದ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತಂದಿತು. ದೊಡ್ಡ ಅಪಾರ್ಟ್‌ಮೆಂಟುಗಳು ಇದರಲ್ಲಿ ಬರುತ್ತವೆ; 30×40 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟ ಮನೆ ಬರುವುದಿಲ್ಲ. ಬೆಂಗಳೂರಿನ ಬಾಡಿಗೆದಾರರಲ್ಲಿ ದೊಡ್ಡ ಪಾಲು ಇರುವುದು ಅಂಥ ಮನೆಗಳಲ್ಲೇ, ಮತ್ತು ಏಪ್ರಿಲ್ ತಿಂಗಳಲ್ಲಿ ಆರ್‌ಸಿಸಿ ತಾರಸಿಯ ಕೆಳಗಿನ ಮೇಲ್ಮಹಡಿ ಮನೆಗೂ ನೆಲಮಹಡಿ ಮನೆಗೂ ಇರುವ ಸೆಕೆಯ ವ್ಯತ್ಯಾಸ ಯಾವ ಬಾಡಿಗೆ ಕರಾರಿನಲ್ಲೂ ಬರೆದಿರುವುದಿಲ್ಲ. ಟು-ಲೆಟ್ ಬೋರ್ಡಿನಲ್ಲಿ ಇಂಧನದ ಸುದ್ದಿ ಏನಾದರೂ ಇದ್ದರೆ ಅದು ‘ಸೋಲಾರ್ ಇದೆ’ ಎಂಬುದೊಂದೇ. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ಬೇಕಾದರೆ ಸೋಲಾರ್ ವಾಟರ್ ಹೀಟರ್ ಇರಬೇಕೆಂದು ಬೆಸ್ಕಾಂ ಮಾಡಿದ ನಿಯಮದ ಫಲ ಅದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಡಿ ಬಾಡಿಗೆದಾರರಿಗೂ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ವಿದ್ಯುತ್ ಉಚಿತ. ಅಂಥ ಮನೆಗಳಲ್ಲಿ ಬಿಲ್ಲು ಉಳಿಸುವ ಮಾತಿಗೆ ಹಿಡಿತ ಸಿಗುವುದಿಲ್ಲ. ಲೇಬಲ್ ಬಂದರೂ ಅದು ಸೆಕೆಯ ಭಾಷೆಯಲ್ಲಿ ಮಾತನಾಡಬೇಕಾದೀತು. ಸದ್ಯಕ್ಕೆ ಮನೆ ಕೊಳ್ಳುವವರು ಖಾತಾ, ಋಣಭಾರ ಪತ್ರ, ತೆರಿಗೆ ರಸೀದಿ ನೋಡುತ್ತಾರೆ, ವಿದ್ಯುತ್ ಬಿಲ್ಲನ್ನು ಬಾಕಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ ಕೇಳುತ್ತಾರೆ. ಆರ್.ಆರ್. ನಂಬರಿನ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ಕೇಳಿ ಪಡೆದರೆ ಜರ್ಮನಿಯ ಬಳಕೆಯ ಪತ್ರಕ್ಕೆ ಹತ್ತಿರದ ಮಾಹಿತಿ ಸಿಗುತ್ತದೆ, ಅದರ ಕುಂದುಗಳೊಂದಿಗೆ.